ದೊಡ್ಡ ಟರ್ಬೊ, ಸಣ್ಣ ಟರ್ಬೊ

ನನ್ನ ಕೈಯಿಂದ ಇದುವರೆಗೆ ಒಂದು ಸೈಕಲ್ಲಿನ ಚೈನೂ ಸರಿಯಾಗಿ ಕೂತಿಲ್ಲ. ಆದರೂ ಎಂಜಿನ್ನುಗಳ ವಿಷಯ ಬಂತೆಂದರೆ ನನ್ನ ನಾಲಗೆಗೆ ತಡೆಯೇ ಇರಲಿಲ್ಲ. ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಕಪ್ಪು ಹಲಗೆಯ ಮೇಲೆ ಪಿಸ್ಟನ್ನಿನ ಚಿತ್ರ ಬರೆದು ಬರೆದು, ಅದನ್ನು ನಾನೇ ಕಂಡುಹಿಡಿದೆನೇನೋ ಎಂಬ ಭ್ರಮೆ ಹತ್ತಿತ್ತು. ಎಂಬತ್ತರ ದಶಕದ ಕೊನೆಯ ಒಂದು ವರ್ಷ ಆ ಭ್ರಮೆ ಇಳಿಯಿತು.

ಅದಕ್ಕೆ ಕಾರಣ ಒಂದು ಇಂಗ್ಲಿಷ್ ಪತ್ರಿಕೆ. ಭಟ್ಕಳದಿಂದ ತಂದ ಟೇಪ್ ರೆಕಾರ್ಡರಿನ ಪೆಟ್ಟಿಗೆಯಲ್ಲಿ, ಸಾಮಾನು ಅಲುಗಾಡದಿರಲೆಂದು ಯಾರೋ ಅದನ್ನು ಮಡಚಿ ತುರುಕಿದ್ದರು. ಟೇಪ್ ರೆಕಾರ್ಡರ್ ಮೂರು ತಿಂಗಳಿಗೆ ಮೂಕವಾಯಿತು. ಪತ್ರಿಕೆ ಮಾತ್ರ ನನ್ನನ್ನು ವರ್ಷಗಟ್ಟಲೆ ಮಾತನಾಡಿಸಿತು. ಅದರಲ್ಲಿ ರೋಟರಿ ಎಂಜಿನ್ ಬಗ್ಗೆ ಒಂದು ಲೇಖನ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಇಲ್ಲ, ಮೂರು ಮೂಲೆಯ ಒಂದು ತುಂಡು ಒಳಗೇ ಗರಗರ ಸುತ್ತುತ್ತದೆ. ಅದಕ್ಕೊಂದು ಟರ್ಬೊ. ಶಂಖದ ಆಕಾರದ ಕಬ್ಬಿಣದ ಬುರುಡೆ ಅದು. ಎಂಜಿನ್ ಉಗುಳುವ ಹೊಗೆಯೇ ಅದರೊಳಗಿನ ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಬಿಸಾಡುವ ಉಸಿರಿನಿಂದಲೇ ಹೊಸ ಉಸಿರು! ಓಟದ ಕಾರಿಗೆ ಎಂಥ ಟರ್ಬೊ ಆರಿಸಬೇಕೆಂದು ಲೇಖಕ ಚರ್ಚಿಸಿ, ಕೊನೆಗೆ ದೊಡ್ಡದೇ ಬೇಕೆಂದು ತೀರ್ಪು ಕೊಟ್ಟಿದ್ದ. ನನಗೆ ತೀರ್ಪು ನೆನಪುಳಿಯಿತು, ಚರ್ಚೆ ಮರೆತುಹೋಯಿತು.

ಶರಾವತಿಯ ಆಚೆ ದಡದ ಕಾಸರಕೋಡಿನ ವಾಮನ ಖಾರ್ವಿಯವರ ಮಗಳು ನನ್ನ ವಿದ್ಯಾರ್ಥಿನಿ. ಅವಳು ವಿಜ್ಞಾನದಲ್ಲಿ ಪಾಸಾದದ್ದು ನನ್ನಿಂದಲೇ ಎಂದು ಮನೆಯವರು ನಂಬಿದ್ದರು. ನಾನು ಅಲ್ಲವೆನ್ನಲು ಹೋಗಿರಲಿಲ್ಲ. ವಾಮನಣ್ಣನ ಮೀನುಗಾರಿಕೆ ಬೋಟಿನ ಎಂಜಿನ್ ಬಲೆ ಎಳೆಯುವಾಗ ಏದುಸಿರು ಬಿಡುತ್ತಿತ್ತು. ಭಟ್ಕಳದ ಮೆಕ್ಯಾನಿಕ್ ಉಸ್ಮಾನ್ ಸಾಹೇಬರ ಬಳಿ ಗಲ್ಫಿನಿಂದ ಬಂದ ಎರಡು ಹಳೆಯ ಟರ್ಬೊಗಳಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಯಾವುದು ಬೇಕೆಂದು ತೀರ್ಮಾನಿಸಲು ವಾಮನಣ್ಣ ನನ್ನನ್ನು ಕರೆದುಕೊಂಡು ಹೋದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಪತ್ರಿಕೆಯನ್ನು ಬಗಲಲ್ಲಿ ಹಿಡಿದು ಹೊರಟೆ.

ಉಸ್ಮಾನ್ ಸಾಹೇಬರು ಹತ್ತು ವರ್ಷ ಗಲ್ಫಿನ ಗ್ಯಾರೇಜಿನಲ್ಲಿ ದುಡಿದವರು. ಎರಡನ್ನೂ ಗೋಣಿಚೀಲದ ಮೇಲಿಟ್ಟು, "ಬೋಟಿಗೆ ಈ ಸಣ್ಣದು ಸಾಕು ಮಾಸ್ಟರ್ ಸಾಬ್," ಎಂದರು.

ನಾನು ಪತ್ರಿಕೆ ಬಿಡಿಸಿ ಎರಡು ಪ್ಯಾರಾ ಇಂಗ್ಲಿಷ್ ಗಟ್ಟಿಯಾಗಿ ಓದಿದೆ. ವಾಮನಣ್ಣ ಸಾಹೇಬರ ಮುಖ ನೋಡಿದರು, ಪತ್ರಿಕೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಮಾಸ್ತರು ಹೇಳಿದ್ಮೇಲೆ ಆತು. ದೊಡ್ಡದೇ ಹಾಕಿ," ಎಂದರು. ಸಾಹೇಬರು ಒಮ್ಮೆ ಗಡ್ಡ ನೀವಿಕೊಂಡು ದೊಡ್ಡದನ್ನು ಕೈಗೆತ್ತಿಕೊಂಡರು.

ಒಂದು ವಾರ ನಾನು ನೆಲದಿಂದ ನಾಲ್ಕು ಬೆರಳು ಮೇಲೆಯೇ ನಡೆದಾಡಿದೆ. ಟರ್ಬೊ ಹಾಕಿದ ಬೋಟು ಮೊದಲ ಸಲ ಕಡಲಿಗಿಳಿಯುವ ದಿನ ನನಗೆ ಕುಮಟೆಯಲ್ಲಿ ಉತ್ತರ ಪತ್ರಿಕೆ ತಿದ್ದುವ ಕೆಲಸವಿತ್ತು. ಚಹಾದ ಹೊತ್ತಿಗೆ ಅಲ್ಲಿನ ಗಣಿತದ ಮಾಸ್ತರರಾದ ಹೆಗಡೆಯವರಿಗೆ ನನ್ನ ಸಾಹಸ ವರ್ಣಿಸಿ ಲೇಖನ ತೋರಿಸಿದೆ. ಗಣಿತದವರಿಗೆ ಒಂದು ಕೆಟ್ಟ ಚಟ, ಅಂಕಿಗಳನ್ನು ಓದುತ್ತಾರೆ.

"ಈ ಕಾರಿನ ಎಂಜಿನ್ ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ಸುತ್ತುತ್ತದಂತೆ," ಎಂದರು ಹೆಗಡೆ. "ನಿಮ್ಮ ಬೋಟಿಂದು ಎಷ್ಟು?"

ಅದರ ಕಾಲು ಭಾಗವೂ ಕಷ್ಟ ಎಂದೆ.

"ಹಾಗಾದ್ರೆ ಆ ದೊಡ್ಡ ಚಕ್ರ ತಿರುಗೂಕೆ ಬೇಕಾದಷ್ಟು ಹೊಗೆ ಎಲ್ಲಿಂದ ಬರ್ತದೆ ಮಾರಾಯ್ರೆ?"

ಲೇಖನದ ಮರೆತ ಭಾಗವೆಲ್ಲ ಒಮ್ಮೆಗೇ ನೆನಪಾಯಿತು. ದೊಡ್ಡ ಟರ್ಬೊ ತಡವಾಗಿ ಏಳುತ್ತದೆ, ರೇಸ್ ಕೊಟ್ಟ ಕೂಡಲೇ ಬಲ ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓಟದ ಕಾರು ತಡಮಾಡಿದರೆ ಹಿಂದಿನವನು ಮುಂದೆ ಹೋಗುತ್ತಾನೆ, ಅಷ್ಟೆ. ಶರಾವತಿಯ ಅಳಿವೆ ಹಾಗಲ್ಲ. ನದಿ ಕಡಲು ಸೇರುವ ಆ ಬಾಯಲ್ಲಿ ಮರಳಿನ ದಿಬ್ಬ, ಅದರ ಮೇಲೆ ಒಡೆಯುವ ತೆರೆ. ಎರಡು ತೆರೆಗಳ ನಡುವೆ ಸಿಕ್ಕ ಜಾಗದಲ್ಲಿ ಬೋಟು ಒಂದೇ ಉಸಿರಿಗೆ ಒಳಗೆ ನುಗ್ಗಬೇಕು. ಆ ಗಳಿಗೆಯಲ್ಲಿ ಎಂಜಿನ್ ತಡವರಿಸಿದರೆ ಬೋಟು ಅಡ್ಡ ತಿರುಗಿ ಮಗುಚುತ್ತದೆ. ನಾಲ್ಕು ಜನರಿದ್ದರು ಅದರಲ್ಲಿ.

ಉಳಿದ ಉತ್ತರ ಪತ್ರಿಕೆಗಳನ್ನು ಹೆಗಡೆಯವರ ಮಡಿಲಿಗೆ ಹಾಕಿ ಬಸ್ಸು ಹತ್ತಿದೆ. ದಾರಿಯಲ್ಲಿ ಧಾರೇಶ್ವರದಲ್ಲಿ ಯಾರೋ ಬಸ್ಸು ನಿಲ್ಲಿಸಿಕೊಂಡು ಹಲಸಿನಹಣ್ಣುಗಳನ್ನು ಇಳಿಸಿಕೊಳ್ಳುತ್ತಿದ್ದರು. ಒಂದೊಂದು ಹಣ್ಣನ್ನೂ ಮಗುವನ್ನು ಎತ್ತಿಕೊಳ್ಳುವಂತೆ ಎತ್ತುತ್ತಿದ್ದರು. ಹಲಸಿನಹಣ್ಣಿನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಕಾಸರಕೋಡು ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ವಾಮನಣ್ಣನ ಹೆಂಡತಿ ನಾಗವೇಣಿ ದಂಡೆಯಲ್ಲಿ ಮೀನು ಒಣಹಾಕುತ್ತಿದ್ದರು. ಬೋಟು ಇನ್ನೂ ಬಂದಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಬಾಯಿ ಕೇಳಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ: ನಾನು ತಪ್ಪು ಆರಿಸಿದೆ, ಅಳಿವೆಯಲ್ಲಿ ಅದು ಕೈಕೊಡಬಹುದು, ಸಾಹೇಬರ ಮಾತು ನಾನು ಕೇಳಲಿಲ್ಲ.

ಆಕೆ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟು ಕಡಲಿನತ್ತ ನೋಡಿದರು. ಆಮೇಲೆ, "ಈಗ ಇಲ್ಲಿಂದ ಎಂತ ಮಾಡೂಕಾಗ್ತದೆ ಮಾಸ್ತರೆ? ಬಿಸಿಲಲ್ಲಿ ನಿಲ್ಬೇಡಿ, ಕೂತ್ಕಳಿ," ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮತ್ತೆ ಮೀನು ಹರವತೊಡಗಿದರು. ಆದರೆ ಒಂದೇ ಸಾಲಿನ ಮೀನುಗಳನ್ನು ಮೂರು ಮೂರು ಸಲ ತಿರುವಿಹಾಕುತ್ತಿದ್ದುದನ್ನು ನಾನು ನೋಡಿದೆ.

ಬೋಟು ಕಂಡಿತು. ಅಳಿವೆಯ ಹೊರಗೆ ಬಂದು ನಿಂತಿತು. ಒಂದು ತೆರೆ ಹೋಯಿತು, ಇನ್ನೊಂದು ಹೋಯಿತು. ಮೂರನೆಯದು ಇನ್ನೂ ಒಡೆಯುವ ಮೊದಲೇ ಬೋಟಿನಿಂದ ಕಪ್ಪು ಹೊಗೆ ಎದ್ದಿತು. ಬೋಟು ಮಾತ್ರ ನಿಂತಲ್ಲೇ ನಿಂತಂತಿತ್ತು. ನಾಗವೇಣಿ ಎದ್ದು ನಿಂತರು. ನಾನು ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಮೂರನೆಯ ತೆರೆ ದಡಕ್ಕೆ ಬಡಿದಿತ್ತು, ಅದರ ಬೆನ್ನ ಹಿಂದೆಯೇ ಬೋಟು ನೆಟ್ಟಗೆ ನದಿಯೊಳಕ್ಕೆ ಜಾರಿ ಬರುತ್ತಿತ್ತು. ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡು, "ಬಂದ್ರು. ಚಾ ಕುಡೂಕೆ ಬನ್ನಿ," ಎಂದರು.

ವಾಮನಣ್ಣ ಇಳಿದು ಬಂದಾಗ ಅವರೆದುರೂ ತಪ್ಪೊಪ್ಪಿಕೊಂಡೆ. ಅವರು ಜೋರಾಗಿ ನಕ್ಕರು.

"ಬೆಳಿಗ್ಗೆ ನದಿಯಲ್ಲೇ ಗೊತ್ತಾತು ಮಾಸ್ತರೆ. ಇದು ರೇಸ್ ಕೊಟ್ಟ ಕೂಡ್ಲೆ ಏಳೂದಿಲ್ಲ, ಎರಡು ಉಸಿರು ತಡ ಮಾಡ್ತದೆ. ಹೋಗೂವಾಗ ತೆರೆ ಇರಲಿಲ್ಲ, ಅಡ್ಡಿಲ್ಲ ಅಂತ ಹೋದೆ. ಬರೂವಾಗ ಎರಡು ಉಸಿರು ಮೊದ್ಲೇ ರೇಸ್ ಕೊಟ್ಟೆ. ಅದು ತಡ ಮಾಡಿದ್ರೆ ನಾವು ಬೇಗ ಮಾಡ್ಬೇಕು, ಅಷ್ಟೇ ಅಲ್ವ?"

ನನ್ನ ಹದಿನೆಂಟು ವರ್ಷದ ಪಾಠದಲ್ಲಿ ಇಷ್ಟು ಸರಳ ವಿಜ್ಞಾನ ಒಮ್ಮೆಯೂ ಬಂದಿರಲಿಲ್ಲ.

ಮರುದಿನವೇ ಟರ್ಬೊ ಬಿಚ್ಚಿಸಿಕೊಂಡು ಭಟ್ಕಳಕ್ಕೆ ಹೋದೆವು. ಉಸ್ಮಾನ್ ಸಾಹೇಬರು ಒಳಗಿನಿಂದ ಸಣ್ಣದನ್ನು ತಂದಿಟ್ಟರು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಬೇರೆ ಯಾರಿಗೂ ಕೊಡದೆ ಎತ್ತಿಟ್ಟಿದ್ದರು. "ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದರು.

"ಗೊತ್ತಿದ್ದರೆ ಅವತ್ತೇ ಗಟ್ಟಿಯಾಗಿ ಹೇಳಬಾರದಿತ್ತೆ?" ಎಂದೆ.

"ಹೇಳಿದೆ ಮಾಸ್ಟರ್ ಸಾಬ್. ನೀವು ಇಂಗ್ಲಿಷ್ ಓದಿದ್ರಿ. ನಾನೂ ಒತ್ತಿ ಹೇಳ್ಬೇಕಿತ್ತು, ತಪ್ಪು ನಂದೂ ಉಂಟು."

ಸಣ್ಣ ಟರ್ಬೊ ಕೂತ ಮೇಲೆ ಬೋಟು ಮೆತ್ತಗೆ ರೇಸ್ ಕೊಟ್ಟರೂ ತಟ್ಟನೆ ಎದ್ದಿತು, ಬಲೆಯನ್ನು ಏದುಸಿರಿಲ್ಲದೆ ಎಳೆಯಿತು.

ಅಂದಿನಿಂದ ಸಲಹೆ ಕೊಡುವುದನ್ನು ಬಿಟ್ಟೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಈಗಲೂ ಜನ ಬರುತ್ತಾರೆ. ಹೊಲಿಗೆ ಯಂತ್ರ, ಪಂಪುಸೆಟ್ಟು, ಕೆಲವೊಮ್ಮೆ ಮಗಳಿಗೆ ಗಂಡು, ಎಲ್ಲದಕ್ಕೂ. ನಾನು ಮಾಡುವುದಿಷ್ಟೆ: ಕುರ್ಚಿ ಕೊಟ್ಟು, "ನಿಮಗೆ ಇದು ಬೇಕಾಗುವುದು ಯಾವ ಹೊತ್ತಿಗೆ, ಎಂಥ ಜಾಗದಲ್ಲಿ?" ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ಅವರು ವಿವರಿಸತೊಡಗುತ್ತಾರೆ. ವಿವರಿಸುತ್ತ ವಿವರಿಸುತ್ತ ಯಾವುದನ್ನು ಆರಿಸಬೇಕೆಂದು ತಾವೇ ನಿರ್ಧರಿಸಿಬಿಡುತ್ತಾರೆ. ಹೋಗುವಾಗ ಬಾಗಿಲಲ್ಲಿ ನಿಂತು, ಒಳ್ಳೆಯ ಸಲಹೆ ಕೊಟ್ಟಿರಿ ಎಂದು ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ.