ಆಯಿಯ ಎಡ ಅಂಗೈ

ಗುಲಾಬಿ ನೀರಿನ ವಾಸನೆ ಬಂದರೆ ಸಾಕು, ಅಪ್ಪನ ತಾಯಿ, ನಮ್ಮ ಆಯಿಯ ಎಡ ಅಂಗೈ ಕಣ್ಣ ಮುಂದೆ ಬರುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ಕೈ ಇದ್ದಿರಬಹುದು. ನಿಜಾಮರ ಕಾಲದ ಬೀದರಿನ ಓಣಿಯೊಂದರಲ್ಲಿ ನಮ್ಮ ಮನೆಯಿತ್ತು. ಚಳಿಗಾಲದ ಒಣ ಗಾಳಿಗೆ ಎಲ್ಲರ ಕೈಕಾಲೂ ಒಡೆಯುತ್ತಿದ್ದವು. ಆಯಿಯ ಕೈ ರಕ್ತ ಜಿನುಗುವಷ್ಟು ಒಡೆಯುತ್ತಿತ್ತು. ಆ ಅಂಗೈ ಮೇಲೆ ಇಷ್ಟಲಿಂಗವಿಟ್ಟು ಪೂಜಿಸದೆ ಆಕೆ ಹನಿ ನೀರೂ ಕುಡಿಯುತ್ತಿರಲಿಲ್ಲ. ಒಂದು ವರ್ಷ ಬಿರುಕು ಆಳವಾಗಿ ಅಂಗೈ ಬಿಚ್ಚಲೇ ಬರಲಿಲ್ಲ. ಬೆಣ್ಣೆ ತಿಕ್ಕಿಕೊಂಡಳು. ಕೈ ಬಿಚ್ಚಿತು, ಆದರೆ ಆ ಜಿಡ್ಡಿಗೆ ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬಿದ್ದಿದ್ದರೆ? ಆಯಿ ಅದನ್ನು ಎದೆಗೊತ್ತಿಕೊಂಡಳು. ಕೈ ನೆಟ್ಟಗಾಗುವ ತನಕ ಪೂಜೆಯಿಲ್ಲ, ಊಟವೂ ಇಲ್ಲ ಎಂದಳು. ಅವ್ವ ಬೇಡಿಕೊಂಡರೂ ಕೇಳಲಿಲ್ಲ.

ಸಂಜೆ ಪಕ್ಕದ ಮುಸ್ಲಿಂ ಮನೆಯ ಖಾಲಾ ಬಂದರು; ಚಿಕ್ಕಮ್ಮ ಎಂಬರ್ಥದಲ್ಲಿ ನಾವೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದೆವು. ಅವರ ಗಂಡ ಲೋಹದ ಪಾತ್ರೆಗಳಲ್ಲಿ ಬೆಳ್ಳಿಯ ಎಳೆ ಕೂಡಿಸುವ ಬಿದರಿ ಕೆಲಸದವರು. ಗಂಡನ ಬೆರಳೂ ಹೀಗೆಯೇ ಒಡೆಯುತ್ತಿದ್ದವು. ಖಾಲಾ ಕೈಯಲ್ಲಿ ಗುಲಾಬಿ ನೀರಿನಲ್ಲಿ ಕದಡಿದ ಜೇನಿನ ಬಟ್ಟಲಿತ್ತು.

"ಜೇನ ಹಚ್ಕೊಂಡು ಕುಂತ್ರ ಇರುವಿ ಬಂದು ನನ್ನೇ ಪೂಜಿ ಮಾಡ್ತಾವ, ತಂಗಿ" ಎಂದಳು ಆಯಿ.

"ಬೆಣ್ಣಿಗಿ ಬೆಕ್ಕ ಬರ್ತದಲ್ರಿ ಅಮ್ಮಾ, ಇರುವಿನೇ ಚಲೋ" ಎಂದು ಖಾಲಾ ನಕ್ಕರು. "ಬೆಣ್ಣಿ ಮ್ಯಾಲೇ ಕುಂದರ್ತದ. ಜೇನು ಒಳಗಿನ ಪಸಿ ಆರಗೊಡಂಗಿಲ್ಲ. ಮೊದ್ಲ ಇದು, ಆಮ್ಯಾಗ ನಿಮ್ಮ ಬೆಣ್ಣಿ."

ಖಾಲಾ ತಾವೇ ಜೇನು ಹಚ್ಚಿ, ಒಂದಿಷ್ಟು ಹೊತ್ತು ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ತೊಳೆದರು. ತೇವ ಆರುವ ಮುನ್ನ ತೆಳ್ಳಗೆ ಬೆಣ್ಣೆ ಸವರಿ ಅರಿವೆ ಕಟ್ಟಿದರು. ಮುಂಜಾನೆ ಆಯಿ ಕಡಲೆ ಹಿಟ್ಟಿನಿಂದ ಜಿಡ್ಡು ತೆಗೆದಳು. ಬಿರುಕು ಕೂಡಿರಲಿಲ್ಲ, ಆದರೆ ಚರ್ಮ ಮೆತ್ತಗಾಗಿತ್ತು. ಮೆಲ್ಲಗೆ ಅಂಗೈ ಬಿಚ್ಚಿ ಲಿಂಗವಿಟ್ಟಳು. ನಾನು ಕೆಳಗೆ ಬೊಗಸೆಯೊಡ್ಡಿ ಉಸಿರು ಬಿಗಿಹಿಡಿದು ಕೂತಿದ್ದೆ. ಲಿಂಗ ಅಲುಗಲಿಲ್ಲ. ಆಮೇಲೆ ಆಯಿ ಬಿಸಿ ರೊಟ್ಟಿ ಮುರಿದಾಗ ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಕೇಳಿದರೆ, ಹೊಗೆ ಅಂದಳು.

"ಇರುವಿ ಬರ್ಲಿಲ್ಲಂತ ಖಾಲಾಗ ಹೇಳಿ ಬಾ" ಎಂದು ಆಯಿ ನನ್ನನ್ನು ಓಡಿಸಿದಳು.

ಆ ಮನೆ ಈಗಿಲ್ಲ, ಖಾಲಾ ಇಲ್ಲ. ಆಯಿ ತೀರಿಕೊಂಡ ದಿನವೂ ಚಳಿಯಿತ್ತು. ಆಗಿನ್ನೂ ಇದ್ದ ಖಾಲಾ ಕಳಿಸಿದ ಗುಲಾಬಿ ನೀರಿನಿಂದ ಆ ಅಂಗೈಯನ್ನು ನಾನೇ ಒರೆಸಿದೆ. ಮಣ್ಣಿಗೆ ಒಯ್ಯುವ ಮುನ್ನ ಮಠದ ಅಯ್ಯನವರು ಅದರಲ್ಲಿ ಲಿಂಗವಿಟ್ಟಾಗ, ನನಗರಿಯದೆ ನನ್ನ ಬೊಗಸೆ ಕೆಳಗೆ ಹೋಯಿತು. ಲಿಂಗ ಜಾರಲಿಲ್ಲ. ಅಷ್ಟು ಅಳುವಿನ ನಡುವೆಯೂ ನನ್ನ ಉಸಿರು ಹಗುರಾಯಿತು.