ಕತ್ತಿನಕ್ಕ ಹಿಂದಿನಿಂದ ಕೂಗಿದಾಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೋವು ಚಿಕಿತ್ಸೆಯ ಕೋಣೆಯಲ್ಲಿ ಆಕೆ ಟವೆಲು ಸುತ್ತಿದ ಬಿಸಿನೀರಿನ ಚೀಲವನ್ನು ರೋಗಿ ಮಲಗುವ ಮೇಜಿನ ಮೇಲೆ ಅತ್ತಿತ್ತ ಸರಿಸುತ್ತಿದ್ದಾರೆ. "ತಣ್ಣಗಿನ ರೆಕ್ಸಿನ್ ಮೇಲೆ ಕೆನ್ನೆ ಇಟ್ರೆ ಜೀವ ಝಲ್ ಅನ್ನತ್ತೆ. ಸೂಜಿ ಹೇಗೂ ಇದ್ದೇ ಇದೆ, ಜೊತೆಗೆ ಇದೂ ಯಾಕೆ?"

ಇವರು ಇಲ್ಲಿನ ಸಹಾಯಕಿ, ರೋಗಿಗಳ ಬಾಯಲ್ಲಿ ಕತ್ತಿನಕ್ಕ. ಯಂತ್ರಕ್ಕೆ ಸಿಕ್ಕಿ ಗಂಡನ ಕೈ ಹೋದ ಮೇಲೆ ನೆಲ ಒರೆಸಲೆಂದು ಬಂದವರು. ಹೆದರಿದವರ ಕೈ ಹಿಡಿಯುತ್ತ ಹಿಡಿಯುತ್ತ ಈ ಕೋಣೆಯವರೇ ಆಗಿಹೋದರು.

ವರ್ಷಗಟ್ಟಲೆ ಬಿಡದ ಕತ್ತುನೋವಿಗೆ ಡಾಕ್ಟರು ಇಲ್ಲಿ ಕೀಲಿನ ಪಕ್ಕದ ಸಣ್ಣ ನರದ ಬಳಿ ಮರಗಟ್ಟಿಸುವ ಮದ್ದು ಚುಚ್ಚುತ್ತಾರೆ. ಕೆಲವು ಗಂಟೆ ನೋವು ಅಡಗಿದರೆ ನೋವಿನ ದಾರಿ ಅದೇ ಎಂದು ಅರ್ಥ. ಹೆಚ್ಚು ಕಾಲ ಬಾಳುವ ಚಿಕಿತ್ಸೆಯನ್ನು ಆಮೇಲೆ ಅಲ್ಲಿಗೇ ಕೊಡಬಹುದು. ಅಡಗಿತೋ ಇಲ್ಲವೋ ನೋಡುವುದು ಅಕ್ಕನ ಪಾಲಿನ ಕೆಲಸ. ದಿನಕ್ಕೆ ಏಳೆಂಟು ಮಂದಿ. "ಜನ ನಿಜ ಹೇಳಲ್ಲ. ಡಾಕ್ಟ್ರು ಬೇಜಾರು ಮಾಡ್ಕೋತಾರೆ ಅಂತ 'ಪೂರ್ತಿ ಹೋಯ್ತು' ಅಂದ್ಬಿಡ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನ್ರು ನನ್ನ ಅಡುಗೆ ಹೊಗಳ್ತಿದ್ರಲ್ಲ, ಹಾಗೆ!"

ಇವತ್ತಿನ ಮೊದಲ ರೋಗಿ ಸೀಲಿಂಗಿಗೆ ಬಣ್ಣ ಬಳಿಯುವವನು. ಕತ್ತೆತ್ತಲಾಗದೆ ಕೆಲಸ ನಿಂತಿದೆ. ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ "ನೋವೇ ಇಲ್ಲಕ್ಕಾ, ಹೂವಿನ ಹಾಗಿದೆ" ಎನ್ನುತ್ತಾನೆ. ಅಕ್ಕ ಎದ್ದು ಹೋಗಿ, ಅವನ ಬೆನ್ನ ಹಿಂದಿನ ಬಾಗಿಲಿನಿಂದ "ಏನಪ್ಪಾ, ಈ ಚಪ್ಪಲಿ ನಿಂದೇನಾ?" ಎಂದು ಕೂಗುತ್ತಾರೆ. ಅವನು ಭುಜ, ಸೊಂಟ ಎಲ್ಲವನ್ನೂ ಒಟ್ಟಿಗೆ ತಿರುಗಿಸಿಕೊಂಡು ನೋಡುತ್ತಾನೆ. ಕತ್ತು ಮಾತ್ರ ತಿರುಗಿಲ್ಲ.

"ಯಾಕೋ ಸುಳ್ಳು ಹೇಳ್ತೀಯ?"

"ಮನೇಲೂ ಹೀಗೇ ಅಕ್ಕಾ, ಬಾಯಿ ಬಿಡಲ್ಲ" ಎಂದು ಜೊತೆಗೆ ಬಂದ ಹೆಂಡತಿ ಗದರುತ್ತಾಳೆ.

ಅವನ ಕಣ್ಣು ತುಂಬುತ್ತದೆ. "ಇಲ್ಲೂ ಆಗ್ಲಿಲ್ಲ ಅಂದ್ರೆ ನಾನಿನ್ನು ಏಣಿ ಹತ್ತೋದು ಹೇಗಕ್ಕಾ?"

"ಈ ಮನೆ ಬಾಗಿಲು ತಟ್ಟಿದ್ವಿ, ನೋವು ಇಲ್ಲಿಲ್ಲ ಅಂತ ಗೊತ್ತಾಯ್ತು. ಇನ್ನು ಪಕ್ಕದ ಮನೇಲಿ ವಿಚಾರಿಸೋಣ" ಎನ್ನುತ್ತಾ ಅಕ್ಕ ತಮ್ಮ ಟೀ ಲೋಟವನ್ನೇ ಅವನ ಕೈಗಿಡುತ್ತಾರೆ.

ಮುಂದಿನ ವಾರ ಡಾಕ್ಟರು ಸ್ವಲ್ಪ ಕೆಳಗಿನ ನರಕ್ಕೆ ಮದ್ದು ಕೊಡುತ್ತಾರೆ. ಅಕ್ಕ ಈ ಸಲ ಏನೂ ಕೇಳುವುದಿಲ್ಲ, ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಾರೆ ಅಷ್ಟೆ. ಅವನು ಮೆಲ್ಲಗೆ ಮುಖ ಮೇಲೆತ್ತುತ್ತಾನೆ. ಇನ್ನಷ್ಟು ಎತ್ತುತ್ತಾನೆ. ಬಹಳ ಹೊತ್ತು ನೋಡಿ, "ಯಾರಕ್ಕಾ ಈ ಸೀಲಿಂಗ್ ಬಳಿದಿರೋದು? ಬರೀ ಪಟ್ಟೆ ಪಟ್ಟೆ. ಥೂ!" ಎಂದು ಬೈಯುತ್ತಾನೆ.

ಅಕ್ಕ ಎದ್ದು ಡಾಕ್ಟರ ಕೋಣೆಯೊಳಗೆ ತಲೆ ಹಾಕುತ್ತಾರೆ.

"ಬನ್ನಿ ಸರ್, ಇವನು ನಿಜ ಹೇಳ್ತಿದಾನೆ."