ಆಲ್ಬಮ್ಮಿನ ಕೊನೆಯ ಕಪ್ಪು ಹಾಳೆ

ಮದುವೆಯಾಗಿ ಬಂದ ಮನೆಯಲ್ಲಿ ತಿಂಗಳಿಗೆ ಮೂರು ದಿನ ನಾನು ತಾರಸಿಯ ಮೇಲಿನ ಕೋಣೆಯಲ್ಲಿರಬೇಕಿತ್ತು. ಹೊರಗಾದವಳಿಗೆ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಅತ್ತೆ ಊಟವನ್ನು ಮೆಟ್ಟಿಲ ಮೇಲಿಟ್ಟು, ಬಳೆ ಸದ್ದು ಮಾಡಿ ಇಳಿದುಹೋಗುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ ನನಗೆ ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಜಯನಗರದ ಆ ಮನೆಯಲ್ಲಿ ಯಾರೂ ನನ್ನನ್ನು ಕೂಗಿ ಕರೆಯದ ಸಂಜೆಗಳು ಅವು ಮಾತ್ರ. ಸಾರಕ್ಕಿ ಕಡೆ ಆಗಿನ್ನೂ ದೀಪ ಕಡಿಮೆ. ಆ ದಿಕ್ಕಿನಿಂದಲೇ ಆಕಾಶ ಶುರುವಾಗುತ್ತಿತ್ತು.

ಧೂಮಕೇತು ಬರುತ್ತದೆಂದು ಊರೆಲ್ಲ ಮಾತಾಡುತ್ತಿದ್ದ ವರ್ಷ. ನಮ್ಮನೆಯವರು ಓದಿಬಿಟ್ಟ ಪೇಪರು ಒಂದು ದಿನ ತಟ್ಟೆಯ ಜೊತೆ ಮೇಲೆ ಬಂತು. ಬರುವ ಭಾನುವಾರ ಸೈನ್ಸ್ ಮ್ಯೂಸಿಯಂನಲ್ಲಿ ಆಕಾಶವನ್ನು ಚಿತ್ರವಾಗಿಸುವ ಕಾರ್ಯಾಗಾರ, ಗೃಹಿಣಿಯರೂ ಬರಬಹುದು. ತಮ್ಮ ತಾರಸಿಯಿಂದ ಕಂಡ ನಕ್ಷತ್ರಗಳನ್ನು ಕಪ್ಪು ಹಾಳೆಯಲ್ಲಿ ಸೂಜಿಯಿಂದ ಚುಚ್ಚಿ ತಂದವರಿಗೆ ಮಾತ್ರ ಪ್ರವೇಶ. ಹಾಳೆಯ ಹಿಂದೆ ದೀಪವಿಟ್ಟು, ಕತ್ತಲೆ ಕೋಣೆಯ ಗೋಡೆಯ ಮೇಲೆ ಅವರವರ ಆಕಾಶವನ್ನು ದೊಡ್ಡದಾಗಿ ತೋರಿಸುತ್ತಾರಂತೆ.

ಸೂಜಿಯ ಕೆಲಸ ನನಗೆ ಹೊಸದಲ್ಲ. ಕಸೂತಿಯ ಹೂವನ್ನು ಕಾಗದದ ಮೇಲೆ ಚುಚ್ಚಿ, ಸೀಮೆಎಣ್ಣೆಯಲ್ಲಿ ಕದಡಿದ ನೀಲಿಯನ್ನು ಒರೆಸಿ, ಬಟ್ಟೆಗೆ ಇಳಿಸುವುದನ್ನು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಕಪ್ಪು ಹಾಳೆ? ನನ್ನ ಟ್ರಂಕು ಮೇಲಿನ ಕೋಣೆಯಲ್ಲೇ ಇತ್ತು, ಅದರಲ್ಲಿ ಮದುವೆಯ ಆಲ್ಬಮ್. ಕೊನೆಯ ಹಾಳೆ ಖಾಲಿ. ಬಿಡಿಸಿಕೊಂಡೆ.

ಮೆಟ್ಟಿಲ ತುದಿಯಿಂದ ಇವರನ್ನು ಕೇಳಿದೆ. "ರೀ, ಭಾನುವಾರ ಹೋಗ್ಬರ್ಲಾ?"

"ಹೋಗು, ಹೋಗು. ಸಾರು ಕುದಿಸಿ ಕುದಿಸಿ ಸಾಕಾಗಿದೆ, ಇನ್ನು ರಾಕೆಟ್ ಹಾರ್ಸು," ಎಂದು ಕೆಳಗಿನಿಂದ ನಕ್ಕರು.

ಅತ್ತೆ ನಗಲಿಲ್ಲ.

ಮೂರು ಸಂಜೆ ಚುಚ್ಚಿದೆ. ದೊಡ್ಡ ನಕ್ಷತ್ರಕ್ಕೆ ದಬ್ಬಣ, ಸಣ್ಣದಕ್ಕೆ ಹೊಲಿಗೆ ಸೂಜಿ, ಕೃತ್ತಿಕೆಯ ಗೊಂಚಲಿಗೆ ಮಣಿ ಪೋಣಿಸುವ ಸೂಜಿ. ಪಕ್ಕದ ಮನೆಯ ತೆಂಗು ಮರೆಮಾಡಿದ ಜಾಗವನ್ನು ಹಾಗೇ ಬಿಟ್ಟೆ. ಬಲ್ಬಿನ ಮುಂದೆ ಹಿಡಿದಾಗ ಸುಣ್ಣದ ಗೋಡೆಯ ಮೇಲೆ ನಕ್ಷತ್ರಗಳ ನಡುವೆ ಗರಿಯ ಆಕಾರವೂ ಕಪ್ಪಗೆ ಮೂಡಿತು. ನಮ್ಮ ತಾರಸಿಯದೇ ಆಕಾಶ, ಬೇರೆ ಯಾರದೂ ಅಲ್ಲ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಬಚ್ಚಲಿನಿಂದ ಬಂದೆ. ಆ ಕೋಣೆಯ ಬಟ್ಟೆಬರೆ ಇಳಿಸಿ ಒಗೆಯುವುದು ಯಾವಾಗಲೂ ನನ್ನ ಕೆಲಸ. ಅವತ್ತು ಅತ್ತೆ ತಮ್ಮ ಸ್ನಾನಕ್ಕೆ ಮೊದಲೇ ಮೇಲೆ ಹೋಗಿ ಎಲ್ಲ ತಂದುಬಿಟ್ಟಿದ್ದರು. ಹಿತ್ತಲ ಬಕೆಟ್ಟಿನಲ್ಲಿ ಹೊದಿಕೆ, ಸೀರೆ. ಅವುಗಳ ಕೆಳಗೆ, ಕೋಲಿನಿಂದ ಅದುಮಿಟ್ಟ ನನ್ನ ಹಾಳೆ.

"ಅತ್ತೆ, ಅದು ಕಾಗದ!"

"ಆದ್ರೇನು? ಹೊರಗೆ ಕೂತು ಮಾಡಿದ್ದು ತಾನೆ? ನೀರಿಗೆ ಹಾಕ್ದೆ ಒಳಗೆ ತರ್ತಾರಾ? ನಿಮ್ಮ ಕಾನ್ವೆಂಟಲ್ಲಿ ಮೈಲಿಗೆ ಇರ್ಲಿಲ್ವೇನೋ. ಈ ಮನೇಲಿದೆ."

ಎತ್ತಿದರೆ ಬೆರಳ ನಡುವೆ ಕಲಸಿದ ಹಿಟ್ಟಿನಂತೆ ಕಿತ್ತುಬಂತು. ಒಳಗೆ ಬಂದು ನೋಡಿದರೆ ಮೇಜಿನ ಮೇಲೆ ಆಲ್ಬಮ್. ಅದೂ ಅದೇ ಕೋಣೆಯಿಂದ ಇಳಿದದ್ದು, ನಾನು ಮುಟ್ಟಿದ್ದೇ. ಅದಕ್ಕೆ ಒಂದು ಹನಿ ನೀರೂ ತಾಗಿರಲಿಲ್ಲ. ಹಿಂದೆಯೇ ಬಂದ ಅತ್ತೆ ಮಗನ ಫೋಟೋವನ್ನು ಸೆರಗಿನಲ್ಲಿ ಒರೆಸಿ, ಆಲ್ಬಮ್ಮನ್ನು ಬೀರುವಿನೊಳಗಿಟ್ಟರು.

ಇವರು ಪೇಪರಿನಿಂದ ತಲೆಯೆತ್ತಲಿಲ್ಲ. "ಅಷ್ಟೇನಾ? ಮುಂದಿನ ತಿಂಗಳ ಕೊನೇಲಿ ಇನ್ನೊಂದು ಬ್ಯಾಚ್ ಇದೆಯಂತೆ, ಇಲ್ಲೇ ಹಾಕಿದ್ದಾರೆ. ಮತ್ತೆ ಮೇಲೆ ಕೂರ್ತೀಯಲ್ಲ, ಆಗ ಚುಚ್ಕೋ."

"ಇವತ್ತು ಸಂಜೆ ಸ್ವಲ್ಪ ಹೊತ್ತು ಮೇಲೆ ಹೋದ್ರೆ..."

"ಅಡುಗೆ ಯಾರು, ನಿನ್ನ ನಕ್ಷತ್ರ ಮಾಡುತ್ತಾ?" ಎಂದರು ಅತ್ತೆ.

ಆ ಭಾನುವಾರ ಹುರುಳಿಕಾಯಿ ಹುಳಿ ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡರು. ಮಾರನೆಯ ವಾರ ಫೋರ್ತ್ ಬ್ಲಾಕಿನಿಂದ ಹೊಸ ಕಪ್ಪು ಹಾಳೆ ತಂದು, ಸೂಜಿಗಳ ಜೊತೆ ಕೆಳಗೆ ನನ್ನ ಸೀರೆಗಳ ಅಡಿಯಲ್ಲಿಟ್ಟು ಕಾದೆ. ಆ ದಿನಗಳು ಬರಲೆಂದು ಹಾಗೆ ಕಾದ ಹೆಂಗಸು ಇಡೀ ಜಯನಗರದಲ್ಲಿ ನಾನೊಬ್ಬಳೇ ಇರಬೇಕು.

ದಿನ ಬಂತು, ಹೋಯಿತು. ನಾನು ಹೊರಗಾಗಲಿಲ್ಲ. ಮನೆಯಲ್ಲಿ ಕ್ಯಾಲೆಂಡರ್ ನೋಡುವವರು ಅತ್ತೆ. ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಡಾಕ್ಟರಮ್ಮ ಹೌದೆಂದ ದಿನ, ಸಂಜೆಯಾಗುತ್ತಲೇ, ಹಾಳೆ ಹಿಡಿದು ಮೆಟ್ಟಿಲು ಹತ್ತಿದೆ. ಕಾರ್ಯಾಗಾರಕ್ಕೆ ಇನ್ನೂ ಒಂದು ವಾರವಿತ್ತು. ತಾರಸಿಯ ಬಾಗಿಲಿಗೆ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ.

"ಬಸುರಿ ಮುಸ್ಸಂಜೇಲಿ ಮೇಲೆ ಹೋಗ್ಬಾರ್ದು ಕಣೇ."

"ಎಲ್ಲಿವರೆಗೆ ಅತ್ತೆ?"

"ಬಾಣಂತನ ಮುಗೀಲಿ. ಆಕಾಶ ಎಲ್ಲಿಗೆ ಓಡ್ಹೋಗುತ್ತೆ?"

ಅವರು ನನ್ನ ಕೆನ್ನೆ ಸವರಿದ್ದು ಅದೇ ಮೊದಲು. ಸವರಿದ ಕೈಯಿಂದಲೇ ಹಾಳೆಯನ್ನು ತೆಗೆದುಕೊಂಡು, ಬೀರು ತೆರೆದು, ಆಲ್ಬಮ್ಮಿನ ಕೊನೆಯಲ್ಲಿ ಹರಿದ ಅಂಚಿಗೆ ಸರಿಯಾಗಿ ಇಟ್ಟು ನೋಡಿದರು.

"ಸರಿ ಹೋಯ್ತು," ಎಂದರು. "ಮಗು ಫೋಟೋ ಅಂಟಿಸಕ್ಕೆ ಆಯ್ತು."